ಅಕ್ಕನ ಊರಿಗೆ ಹೊರಟ ಹಿಟ್ಟು

ಹಿಟ್ಟಿನ ಒಂದು ಉಂಡೆಯನ್ನು ಸಾವಿರದ ನೂರೈವತ್ತು ಕಿಲೋಮೀಟರ್ ಜೀವಂತವಾಗಿ ಸಾಗಿಸಬಲ್ಲ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಒಬ್ಬನಿದ್ದ. ಅದು ನಾನು! ಹೋದ ಆಗಸ್ಟ್ ಇಪ್ಪತ್ತನಾಲ್ಕನೇ ತಾರೀಖು ಬೆಳಗಿನ ಜಾವದವರೆಗೂ ಇದ್ದ. ಆಮೇಲೆ ಅವನನ್ನು ಯಾರೂ ಕಂಡಿಲ್ಲ.

ನಮ್ಮ ಅಲ್ತಮೂರದಲ್ಲಿ ಬ್ರೆಡ್ಡಿಗೆ ಅಂಗಡಿಯ ಪುಡಿ ಹಾಕುವವರನ್ನು ಮನುಷ್ಯರೆಂದು ಎಣಿಸುವುದಿಲ್ಲ. ಮನೆಯಲ್ಲಿ ತಾಯಿಹಿಟ್ಟು ಇರಬೇಕು. ಅಂದರೆ ಹುಳಿ ಬಂದ ಹಿಟ್ಟಿನ ಉಂಡೆ. ಅದರಿಂದ ಒಂದು ತುಂಡು ಇವತ್ತಿನ ಬ್ರೆಡ್ಡಿಗೆ. ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಉಣಿಸಿ, ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು ನಾಳೆಗೆ ಎತ್ತಿಡಬೇಕು. ಹಸುಗೂಸಿನಂತೆ ಹೊತ್ತಿಗೆ ಸರಿಯಾಗಿ ಉಣಿಸುತ್ತಿದ್ದರೆ ಅದು ನಮ್ಮನ್ನೆಲ್ಲ ಮಣ್ಣು ಮಾಡಿ ತಾನು ಬದುಕಿರುತ್ತದೆ. ನಮ್ಮ ಮನೆಯದು ಅಮ್ಮನ ಕಾಲದ್ದು. ಅಮ್ಮ ಹೋಗಿ ಮೂವತ್ತೊಂದು ವರ್ಷವಾಯಿತು. ಅವಳ ಹಿಟ್ಟು ಈಗಲೂ ದಿನಾ ಸಂಜೆ ಉಬ್ಬುತ್ತದೆ. “ಅಮ್ಮನ ಹಿಟ್ಟನ್ನು ಮೂವತ್ತೊಂದು ವರ್ಷ ಸಾಕಿದವನು ನಾನು” ಎಂದು ಊರ ಚೌಕದಲ್ಲಿ ಕೂತು ಹೇಳುವಾಗ, ಹೆಂಡತಿ ಟೆಕ್ಲಾ ಹತ್ತಿರದಲ್ಲೆಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಯಾಕೆಂದರೆ ಉಣಿಸಿದವಳು ಅವಳು. ನಾನು ಉಂಡವನು.

ಆಗಸ್ಟ್ ಇಪ್ಪತ್ತಕ್ಕೆ ಗಡಿಯಾಚೆಯ ಲುಸರ್ನಿನಿಂದ ಅಕ್ಕ ಅಸುಂತಾ ಫೋನು ಮಾಡಿದಳು. ಟೆಕ್ಲಾಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ನುಂಚಿಯೋ, ಅಮ್ಮನ ಹಿಟ್ಟು ಹೋಯ್ತು ಕಣೋ.”

“ಹೋಯ್ತು ಅಂದ್ರೆ?”

“ಸತ್ತೋಯ್ತು. ನಾನು ಸೊಂಟದ ಆಪರೇಷನ್ನಿಗೆ ಆಸ್ಪತ್ರೇಲಿದ್ನಲ್ಲ, ನಿಮ್ಮ ಭಾವ ಉಣಿಸೋದನ್ನೇ ಮರೆತ್ರು. ಬೂದಿ ಬಣ್ಣಕ್ಕೆ ತಿರುಗಿದೆ. ಐವತ್ತೈದು ವರ್ಷದ ಹಿಂದೆ ಅಮ್ಮ ನನ್ನ ಪೆಟ್ಟಿಗೇಲಿಟ್ಟು ಕಳಿಸಿದ್ದು! ಅದರ ಜೊತೆ ಅಮ್ಮನೂ ಇನ್ನೊಂದು ಸಲ ಹೋದ ಹಾಗಾಯ್ತು.”

“ಅಳಬೇಡ ಅಕ್ಕ. ಇಲ್ಲೊಂದು ತುಂಡು ಕೊರಿಯರ್ ಮಾಡ್ತೀನಿ.”

“ಅಮ್ಮನ್ನ ಪಾರ್ಸಲ್ ಮಾಡ್ತೀಯೇನೋ, ಕಟುಕ!”

ನನ್ನ ಬಾಯಿಯಿಂದ ಮಾತು ಜಾರಿಬಿಟ್ಟಿತು. “ನಾನೇ ತರ್ತೀನಿ!”

ಅಡುಗೆಮನೆಯಲ್ಲಿ ಟೆಕ್ಲಾಳ ಕೈಯಿಂದ ಸೌಟು ಬಿತ್ತು. ಬೀಳಬೇಕಾದದ್ದೇ. ಅಕ್ಕ ಇರುವ ಆ ದೇಶದ ಗಡಿಯನ್ನು ನಾನು ದಾಟುವುದಿಲ್ಲ ಎಂದು ಆಣೆ ಮಾಡಿ ಐವತ್ತು ವರ್ಷವಾಗಿತ್ತು.

ಅದರ ಕತೆ ಇಷ್ಟು. ಆ ಕಾಲದಲ್ಲಿ ಅಲ್ಲೊಂದು ಕಾನೂನಿತ್ತು. ಒಂಬತ್ತು ತಿಂಗಳ ಪರವಾನಗಿಯ ಮೇಲೆ ಬರುವ ಕೂಲಿಯವರು ತಮ್ಮ ಕೈಕಾಲುಗಳನ್ನು ತರಬಹುದು, ಮಕ್ಕಳನ್ನು ತರಕೂಡದು. ಅಕ್ಕ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಭಾವ ದೊನಾತೊ ಗೊಟಾರ್ಡ್ ಬೆಟ್ಟದಡಿ ಸುರಂಗ ಕೊರೆಯುತ್ತಿದ್ದರು. ಅವರ ಮಗಳು ಪಿಯಾ ಎರಡು ವರ್ಷದವಳಿದ್ದಾಗ ಕಾರಿನ ಸೀಟಿನ ಕೆಳಗೆ, ಕಂಬಳಿಯೊಳಗೆ ಮಲಗಿ ಗಡಿ ದಾಟಿದಳು. ಅಲ್ಲಿಂದ ಮುಂದೆ ಬೀಗ ಹಾಕಿದ ಒಂದು ಕೋಣೆ. ಜೋರಾಗಿ ನಗಬಾರದು, ಕಿಟಕಿಗೆ ಬರಬಾರದು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ನಾನು, ಹತ್ತೊಂಬತ್ತರವನು, ನೋಡಿಬರೋಣವೆಂದು ರೈಲು ಹತ್ತಿ ಹೋದೆ. ಬಾಗಿಲ ಗಂಟೆ ಒತ್ತಿದೆ. ಒಳಗೆ ಹೋದರೆ ಮಗು ಎಲ್ಲೂ ಇಲ್ಲ! ಅಕ್ಕ ಮಂಚದ ಕೆಳಗೆ ಬಗ್ಗಿ, “ಬಾ ಚಿನ್ನ, ಮಾವ ಬಂದಿರೋದು” ಎಂದಳು. ನಾಲ್ಕು ವರ್ಷದ ಪಿಯಾ ತೆವಳಿಕೊಂಡು ಹೊರಬಂದಳು. ಎದೆಗೆ ಅವುಚಿಕೊಂಡಿದ್ದಳು, ತನ್ನ ಪುಟ್ಟ ಬೂಟುಗಳನ್ನು. ಗಂಟೆ ಬಾರಿಸಿದರೆ ಬಾಗಿಲ ಬಳಿಯ ಬೂಟನ್ನೂ ಎತ್ತಿಕೊಂಡೇ ಅಡಗಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ತಾನೇ ಕಲಿತದ್ದು.

ಅವತ್ತೇ ಆಣೆ ಮಾಡಿದೆ. ಈ ನೆಲವನ್ನು ಮತ್ತೆ ತುಳಿದರೆ ಕೇಳಿ!

ತುಳಿಯಲಿಲ್ಲ. ಟೈರಿನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಲೇ ಓದು ಬರಹ ಕಲಿತು, ಊರ ವಾರಪತ್ರಿಕೆಯಲ್ಲಿ ಆ ದೇಶದ ಮೇಲೆ ಮೂವತ್ತು ವರ್ಷ ಬೆಂಕಿ ಕಾರಿದೆ. ಆ ಕಾನೂನು ಸತ್ತು ಎರಡು ದಶಕ ಕಳೆದರೂ ನನ್ನ ಬೆಂಕಿ ಆರಲಿಲ್ಲ. ನನ್ನ ಬಹಿಷ್ಕಾರದಿಂದ ತಮಗೆಷ್ಟು ನಷ್ಟವಾಯಿತೆಂದು ಆ ಸರ್ಕಾರ ಇಂದಿಗೂ ತಿಳಿಸಿಲ್ಲ. ಪ್ರತಿ ಆಗಸ್ಟಿನಲ್ಲಿ ಅಕ್ಕನೇ ಊರಿಗೆ ಬರುತ್ತಿದ್ದಳು. ಸೊಂಟ ಕೈಕೊಟ್ಟ ಮೇಲೆ ಅದೂ ನಿಂತು ಏಳು ವರ್ಷ. ಈ ಏಳು ವರ್ಷ ಅಕ್ಕನನ್ನು ನೋಡಿದ್ದು ಟೆಕ್ಲಾಳ ಫೋನಿನ ತೆರೆಯ ಮೇಲೆ. ಅದೂ ಹಣೆಯಿಂದ ಮೇಲಕ್ಕೆ ಮಾತ್ರ. ಅಕ್ಕನಿಗೆ ಫೋನು ಹಿಡಿಯಲು ಬರುವುದಿಲ್ಲ. ಕೂದಲು ಪೂರ್ತಿ ಬೆಳ್ಳಗಾದದ್ದು ಗೊತ್ತಿತ್ತು. ಮುಖ ಹೇಗಾಗಿದೆಯೋ ಗೊತ್ತಿರಲಿಲ್ಲ.

ಹೀಗಾಗಿ ನಾನು ಹೊರಟದ್ದು ಆ ದೇಶಕ್ಕಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದೆ. “ಅಮ್ಮ ಹೋಗ್ತಿದ್ದಾಳೆ. ನಾನು ಡ್ರೈವರ್ ಅಷ್ಟೆ.”

“ಸರಿ ಡ್ರೈವರಪ್ಪ,” ಎಂದಳು ಟೆಕ್ಲಾ. “ಮೂರು ಮಾತು ಕೇಳು. ಐಸ್ ಪೆಟ್ಟಿಗೆಯಿಂದ ಅದನ್ನ ತೆಗೀಬೇಡ. ಬಟ್ಟೆ ಬಿಚ್ಚಬೇಡ. ಉಣಿಸಬೇಡ. ರಾತ್ರಿ ನಾನೇ ಉಣಿಸಿದೀನಿ. ನಾಳೆವರೆಗೂ ಅದಕ್ಕೆ ಏನೂ ಬೇಡ.”

“ಮೂವತ್ತೊಂದು ವರ್ಷ ಸಾಕಿದವನಿಗೆ ಹೇಳಿಕೊಡ್ತೀಯಾ?”

ಟೆಕ್ಲಾ ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ನಿನ್ನ ಅಮ್ಮ, ನಿನ್ನ ಅಕ್ಕ, ನಿನ್ನ ಹಿಟ್ಟು. ನಾನ್ಯಾಕೆ ಬಾಯಿ ಹಾಕ್ಲಿ” ಎಂದು ಕಾರು ಹತ್ತಿದಳು. ಅಷ್ಟು ಸುಲಭವಾಗಿ ಅವಳು ಸೋತದ್ದನ್ನು ಕಂಡು ನಾನು ಅನುಮಾನಪಡಬೇಕಿತ್ತು. ಪಡಲಿಲ್ಲ. ಗೆದ್ದವನಿಗೆ ಅದೆಲ್ಲಿ ಪುರುಸೊತ್ತು!

ಕಾರಿನಲ್ಲಿ ನಾವಿಬ್ಬರು, ಐಸ್ ಪೆಟ್ಟಿಗೆಯಲ್ಲಿ ಅಮ್ಮ, ಡಿಕ್ಕಿಯಲ್ಲಿ ಅಕ್ಕನಿಗೆಂದು ಹತ್ತು ಕಿಲೋ ಗೋಧಿಹಿಟ್ಟು, ಆಲಿವ್ ಎಣ್ಣೆ, ಬಾಟಲಿಗಳಲ್ಲಿ ತುಂಬಿದ ಟೊಮ್ಯಾಟೊ ರಸ. ಬಲಗಡೆ ಸಮುದ್ರ ಎದ್ದು ಮೈಮುರಿಯುತ್ತಿತ್ತು. ಟೆಕ್ಲಾ ಗೊರಕೆ ಹೊಡೆಯುತ್ತಿದ್ದಳು. ಎಲ್ಲವೂ ಶಾಂತ.

ಪೆಸ್ಕಾರಾದ ಬಳಿ ಪೆಟ್ರೋಲಿಗೆ ನಿಂತೆವು. ಟೆಕ್ಲಾ ಕಾಫಿಗೆ ಹೋದಳು. ನಾನು ಸುಮ್ಮನೆ ಒಮ್ಮೆ, ಬರೀ ಕಣ್ಣಿಂದ ನೋಡೋಣವೆಂದು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬೆರಳಿಂದ ಒತ್ತಿದೆ. ಕಲ್ಲು! ತಣ್ಣಗೆ, ಗಟ್ಟಿಗೆ, ಉಸಿರಿಲ್ಲದೆ! ಅಮ್ಮನ ಹಣೆ ಕೊನೆಯ ದಿನ ಹೀಗೇ ತಣ್ಣಗಿತ್ತು. ಮುಂದಿನದನ್ನು ನಾನು ಮಾಡಲಿಲ್ಲ, ನನ್ನ ಕೈ ಮಾಡಿತು. ಬಟ್ಟೆ ಬಿಚ್ಚಿತು. ಡಿಕ್ಕಿಯಿಂದ ಹಿಟ್ಟು ತೆಗೆಯಿತು. ಬಿಸಿಲಿಗೆ ಕಾದಿದ್ದ ಬಾಟಲಿಯ ನೀರು ಸುರಿಯಿತು. ಕಾರಿನ ಬಾನೆಟ್ಟಿನ ಮೇಲೆ ನಾದಿತು. ಪಕ್ಕದ ಲಾರಿಯ ಡ್ರೈವರು ಸಿಗರೇಟು ಸೇದುವುದನ್ನು ಮರೆತು ನೋಡುತ್ತಿದ್ದ. ಮತ್ತೆ ಬಟ್ಟೆ ಸುತ್ತಿ, ನಲವತ್ತು ವರ್ಷ ಟೈರು ಬಿಗಿದ ಕೈಯಿಂದ ದಾರ ಎಳೆದು, ಲಾರಿಗೆ ಹಗ್ಗ ಕಟ್ಟುವ ಗಂಟು ಹಾಕಿದೆ. ಹಿಂದಿನ ಸೀಟಿನಲ್ಲಿ ಮಲಗಿಸಿ, ಟೆಕ್ಲಾಳ ಹಳದಿ ಉಣ್ಣೆಯ ಶಾಲು ಹೊದಿಸಿ, ಸೀಟ್ ಬೆಲ್ಟ್ ಹಾಕಿದೆ.

“ಅದ್ಯಾಕೆ ಹೊರಗೆ ಬಂತು?” ಎಂದಳು ಬಂದವಳು.

“ಪೆಟ್ಟಿಗೇಲಿ ಉಸಿರು ಕಟ್ತಿತ್ತು.”

“ಉಣಿಸಿದ್ಯಾ?”

“ಛೆ! ಛೆ!”

ಗಡ್ಡದಲ್ಲಿದ್ದ ಹಿಟ್ಟನ್ನು ಅವಳು ನೋಡಿದಳು. ಕಿಟಕಿಯ ಕಡೆ ತಿರುಗಿ ಕೂತಳು. ಭುಜ ಕುಲುಕುತ್ತಿದ್ದುದು ರಸ್ತೆ ಸರಿಯಿಲ್ಲದ್ದಕ್ಕೆ ಎಂದುಕೊಂಡೆ.

ಬೊಲೋನ್ಯದಲ್ಲಿ ಅವಳು ಶೌಚಾಲಯದ ಸಾಲಿನಲ್ಲಿದ್ದಾಗ ಮತ್ತೆ ಒತ್ತಿ ನೋಡಿದೆ. ಸ್ವಲ್ಪ ಮೆತ್ತಗಾಗಿತ್ತು. ಸ್ವಲ್ಪವೇ! ಚೇತರಿಸಿಕೊಳ್ಳುತ್ತಿರುವ ರೋಗಿಗೆ ಒಂದು ತುತ್ತು ಹೆಚ್ಚಿಗೆ ಹಾಕುವುದು ಯಾವ ಊರಿನ ಅಪರಾಧ? ಹಾಕಿದೆ. ಒಂದಲ್ಲ, ನಾಲ್ಕು ತುತ್ತು. ಅಮ್ಮನೂ ನಮಗೆ ಹಾಗೇ ಹಾಕುತ್ತಿದ್ದಳು. “ಸಾಕು” ಅಂದವನ ತಟ್ಟೆಗೇ ಮೊದಲ ಸೌಟು.

ಮಿಲಾನ್ ದಾಟುವ ಹೊತ್ತಿಗೆ ಕಾರಿನೊಳಗೆ ಹುಳಿ ವಾಸನೆ ತುಂಬಿತು. ಕಾರಿನ ಎಸಿ ಕೆಟ್ಟು ಎರಡು ಬೇಸಿಗೆಯಾಗಿತ್ತು. ಹೊರಗೆ ಮೂವತ್ತಾರು ಡಿಗ್ರಿ. ಆದರೂ ಕಿಟಕಿ ಇಳಿಸಲು ಮನಸ್ಸಾಗಲಿಲ್ಲ. ಅದು ಅಮ್ಮನ ಕೈಯ ವಾಸನೆ. ಚಳಿಗಾಲದ ಮುಂಜಾನೆ ಹಿಟ್ಟು ನಾದಿದ ಕೈಯಿಂದಲೇ ನಮ್ಮ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದಳು. ಒಂದೇ ಹಾಸಿಗೆಯಲ್ಲಿ ಅಕ್ಕ ಮತ್ತು ನಾನು. “ಇನ್ನೊಂದು ಗಳಿಗೆ ಅಮ್ಮಾ” ಎಂದು ಕಂಬಳಿ ಎಳೆದುಕೊಳ್ಳುವವಳು ಅವಳು. ಎಳೆದಾಗ ಬರಿಮೈಯಾಗಿ ನಡುಗುವವನು ನಾನು.

“ಅಳ್ತಿದೀಯಾ?” ಎಂದಳು ಟೆಕ್ಲಾ.

“ಬೆವರು.”

“ಕಣ್ಣಿಂದ ಬೆವರೋನು ನೀನೊಬ್ಬನೇ.”

ಮಧ್ಯಾಹ್ನ ಎರಡಕ್ಕೆ ಕಿಯಾಸ್ಸೊ ಗಡಿ. ದಿನಕ್ಕೆ ಸಾವಿರಾರು ಕಾರುಗಳನ್ನು ಕೈ ಬೀಸಿ ಕಳಿಸುವ ಕಾವಲಿನವರು ನನ್ನ ಕಾರನ್ನೇ ಪಕ್ಕಕ್ಕೆ ಹಾಕಿಸಿದರು. ಬಂದವನು ಯುವಕ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ಮುಖ. ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಹಳದಿ ಶಾಲಿನಡಿ ಒಂದು ದುಂಡನೆಯ ಆಕೃತಿ, ಮೆಲ್ಲಗೆ ಮೇಲೇಳುತ್ತಿತ್ತು.

“ಯಜಮಾನ್ರೇ, ಮಗು ಎಷ್ಟು ತಿಂಗಳದು?”

ನಾನು ಬೆಪ್ಪಾದೆ.

“ಮಕ್ಕಳ ಸೀಟೆಲ್ಲಿ? ಇಷ್ಟು ಚಿಕ್ಕ ಮಗೂನ ಬರೀ ಬೆಲ್ಟ್ ಹಾಕಿ ಮಲಗಿಸೋ ಹಾಗಿಲ್ಲ. ಮುಖಾನೂ ಮುಚ್ಚಿದೀರ! ಮಗುವಿನ ಸುರಕ್ಷತೆ ಇಲ್ಲಿ ತುಂಬಾ ಮುಖ್ಯ.”

ಐವತ್ತು ವರ್ಷ! ಐವತ್ತು ವರ್ಷ ಅದುಮಿಟ್ಟದ್ದು! ಇದಕ್ಕಿಂತ ಸರಿಯಾದ ಜಾಗದಲ್ಲಿ, ಇದಕ್ಕಿಂತ ಸರಿಯಾದ ಮಾತು ಯಾರ ಬಾಯಿಂದಲಾದರೂ ಬರಲು ಸಾಧ್ಯವೇ? ನಾನು ಕಾರಿನಿಂದಿಳಿದೆ.

“ಸುರಕ್ಷತೇನಾ? ಈಗ ಸೀಟು ಕೇಳ್ತೀಯಾ? ಇದೇ ಗೇಟಲ್ಲಿ, ಇದೇ ಜಾಗದಲ್ಲಿ, ನನ್ನ ಅಕ್ಕನ ಮಗಳು ಸೀಟಿನ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದಾಗ ಎಲ್ಲಿತ್ತಪ್ಪಾ ನಿಮ್ಮ ಸುರಕ್ಷತೆ? ಬೆಟ್ಟ ಕೊರೆಯೋಕೆ ಅಪ್ಪ ಬೇಕು, ಹಾಸಿಗೆ ಒಗೆಯೋಕೆ ಅಮ್ಮ ಬೇಕು, ಮಗು ಬೇಡ! ಮಗು ನಕ್ಕರೆ ಕಾನೂನು ಮುರೀತಿತ್ತು!”

ಹಿಂದೆ ಹಾರ್ನುಗಳು ಶುರುವಾದವು. ನಾನು ನಿಲ್ಲಿಸಲಿಲ್ಲ. ಹಳೆಯ ಅಂಕಣಗಳೆಲ್ಲ ಬಾಯಿಪಾಠವಿದ್ದವು. ಟೆಕ್ಲಾ ಕಾರಿನೊಳಗೇ ಕೂತು ಪೀಚ್ ಹಣ್ಣು ಸುಲಿಯುತ್ತಿದ್ದಳು. ಯುವಕ ನನ್ನನ್ನು ತಡೆಯಲಿಲ್ಲ, ವಾದಿಸಲಿಲ್ಲ. ಕೈಕಟ್ಟಿ ಕೇಳಿದ. ಉಸಿರು ತೆಗೆದುಕೊಳ್ಳಲು ನಿಂತಾಗ ಅವನ ಎದೆಯ ಮೇಲಿನ ಹೆಸರು ಓದಿದೆ. ಲೊಪೊರ್ಕಾರೋ! ನಮ್ಮೂರಲ್ಲಿ ಕಲ್ಲು ಎಸೆದರೆ ಒಬ್ಬ ಲೊಪೊರ್ಕಾರೋ ಮೇಲೆ ಬೀಳುತ್ತದೆ.

“ನೀನು... ನಮ್ಮ ಕಡೆಯವನಾ?”

“ನನ್ನ ಅಜ್ಜ. ನಾನು ಹುಟ್ಟಿದ್ದು ಇಲ್ಲೇ, ತೊಂಬತ್ತೇಳರಲ್ಲಿ,” ಎಂದ. ಆಮೇಲೆ ದನಿ ತಗ್ಗಿಸಿ, “ನಮ್ಮಪ್ಪನೂ ಮೂರು ವರ್ಷ ಕಪಾಟಿನ ಹಿಂದಿದ್ರು ಯಜಮಾನ್ರೇ. ಈಗಲೂ ಲಿಫ್ಟ್ ಹತ್ತಲ್ಲ” ಎಂದ.

ನನ್ನ ಬಳಿ ಇನ್ನೂ ಎರಡು ಅಂಕಣಗಳಷ್ಟು ಮಾತು ಬಾಕಿಯಿತ್ತು. ಅದನ್ನು ಬಿಟ್ಟು ಹಿಂದಿನ ಬಾಗಿಲು ತೆಗೆದೆ. ಅವನು ಶಾಲು ಎತ್ತಿದ. ಬಟ್ಟೆಯ ಮಡಿಕೆಗಳ ನಡುವಿನಿಂದ ಬಿಳಿ ಹಿಟ್ಟು ಇಣುಕುತ್ತಿತ್ತು.

“ಹಿಟ್ಟಿಗೆ ತೆರಿಗೆ ಇಲ್ಲ,” ಎಂದ. “ಆದ್ರೆ ಬೇಗ ಹೊರಡಿ. ನೀವು ಭಾಷಣ ಶುರು ಮಾಡಿದಾಗಿಂದ ಇದು ನಾಲ್ಕು ಬೆರಳು ಉಬ್ಬಿದೆ.”

ಭಾಷಣಕ್ಕೆ ನಲವತ್ತು ನಿಮಿಷ ಹಿಡಿದಿತ್ತು. ಆ ನಲವತ್ತು ನಿಮಿಷದಲ್ಲಿ ಯುರೋಪಿನ ಅರ್ಧ ಜನ ನಮ್ಮನ್ನು ದಾಟಿ ಮುಂದೆ ಹೋಗಿದ್ದರು. ಗೊಟಾರ್ಡ್ ಸುರಂಗದ ಈಚೆ, ಐರೋಲೊ ಹಳ್ಳಿಯ ಬಳಿ ಅವರೆಲ್ಲ ನಮಗಾಗಿ ಕಾಯುತ್ತಿದ್ದರು. ಹನ್ನೊಂದು ಕಿಲೋಮೀಟರ್ ಸಾಲು! ಆಗಸ್ಟಿನ ಕೊನೆ. ಊರಿಗೆ ಬಂದ ನಮ್ಮವರೆಲ್ಲ ಕೆಲಸದೂರಿಗೆ ಮರಳುವ ದಿನ. ಕಾರುಗಳ ತಲೆಯ ಮೇಲೆ ಗಂಟುಮೂಟೆ, ಹಿಂದಿನ ಗಾಜಿನಲ್ಲಿ ಬೆಳ್ಳುಳ್ಳಿ ಜಡೆ, ಒಣಮೆಣಸಿನ ಸರ. ಒಳಗೆ ಮುಖಗಳೆಲ್ಲ ಒಂದೇ ಥರ. ಅಮ್ಮಂದಿರು ಕೈ ಬೀಸಿ ಬೀಳ್ಕೊಟ್ಟ ತಿರುವನ್ನೇ ಇನ್ನೂ ನೋಡುತ್ತಿರುವ ಕಣ್ಣುಗಳು.

ಸಂಜೆ ನಾಲ್ಕೂಕಾಲಿಗೆ, ಬಿಸಿಲು ಹಿಂದಿನ ಗಾಜಿನ ಮೇಲೆ ನೇರ ಬಿದ್ದಾಗ, ಆ ಘಟನೆ ನಡೆಯಿತು.

ಡಬ್!

ಟೈರು ಸಿಡಿದ ಸದ್ದು. ಕೇಳಿ ಕೇಳಿ ಗೊತ್ತಿರುವವನು ನಾನು, ನಾಲ್ಕೂ ಚಕ್ರ ನೋಡಲು ಇಳಿದೆ. ಚಕ್ರಗಳು ಸುಖವಾಗಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮ ದಾರ ಹರಿದುಕೊಂಡು ಎದ್ದು ನಿಂತಿದ್ದಳು! ಶಾಲು ಚಾವಣಿಗೆ ಅಂಟಿತ್ತು. ಬಟ್ಟೆ ಎರಡಾಗಿತ್ತು. ಹಿಟ್ಟು ಸೀಟು ತುಂಬಿ, ಬೆಲ್ಟಿನ ಬಕಲ್ಲನ್ನು ನುಂಗಿ, ಗೇರಿನ ಕಡೆ ಕೈ ಚಾಚುತ್ತಿತ್ತು. ತಡೆಯಲು ಹೋದೆ. ಎರಡೂ ಕೈ ಮೊಣಕೈವರೆಗೆ ಒಳಗೆ ಹೋದವು. ಬಿಡಿಸಿಕೊಂಡು ತಲೆ ಹಿಡಿದುಕೊಂಡೆ. ಕೂದಲೂ ಹಿಟ್ಟಾಯಿತು.

“ಟೆಕ್ಲಾ! ಅಮ್ಮ ಹೊರಗೆ ಬರ್ತಿದಾಳೆ!”

“ಎಷ್ಟು ಸಲ ಉಣಿಸಿದೆ?”

“...ಎರಡು.”

“ಪೆಸ್ಕಾರಾದಲ್ಲಿ ಒಂದು. ಇನ್ನೊಂದು?”

“ಬೊಲೋನ್ಯ. ನಿನಗೆ ಪೆಸ್ಕಾರಾದ್ದು ಗೊತ್ತಿತ್ತಾ?”

“ಬಾನೆಟ್ಟಿನ ಮೇಲೆ ಬ್ರೆಡ್ ಬೇಯ್ತಿತ್ತು ಮಾರಾಯ, ಕಣ್ಣು ಕುರುಡಾ ನನಗೆ?”

ಸಾಲಿನಲ್ಲಿ ನಿಂತ ಕಾರುಗಳಿಂದ ಜನ ಇಳಿದು ಬಂದರು. ನೋಡಲು ಬೇರೇನೂ ಇರಲಿಲ್ಲವಲ್ಲ. ನಗುತ್ತಾ ಬಂದವರು ಹತ್ತಿರ ಬಂದ ಹಾಗೆ ಸುಮ್ಮನಾದರು. ವಾಸನೆ ಅವರ ಮೂಗಿಗೆ ತಟ್ಟಿತ್ತು. ಪಕ್ಕದ ಕಾರಿನಿಂದ ಒಬ್ಬ ದಪ್ಪನೆಯ ಹೆಂಗಸು ಇಳಿದಳು. ಕೊಸೆನ್ಸಾದವಳು, ಮೂವತ್ತು ವರ್ಷದಿಂದ ವಿಂಟರ್‌ಥೂರಿನಲ್ಲಿ ಕಚೇರಿಗಳ ನೆಲ ಒರೆಸುವವಳು, ಹೆಸರು ಮಿಕೆಲಿನಾ. ಬಗ್ಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

“ನಮ್ಮಮ್ಮ ಹೋದ್ಮೇಲೆ ಮನೆ ಮಾರಿದ್ವಿ,” ಎಂದಳು. “ಮಂಚ, ಕನ್ನಡಿ, ಗಡಿಯಾರ ಎಲ್ಲ ಹಂಚಿಕೊಂಡ್ವಿ. ಒಂದು ಚಮಚಕ್ಕೂ ಜಗಳ ಆಡಿದ್ವಿ. ಹಿಟ್ಟು ಯಾರಿಗೂ ನೆನಪಾಗ್ಲಿಲ್ಲ. ಮನೆ ಕೊಂಡೋರು ಎಸೆದಿರ್ತಾರೆ.” ಟೆಕ್ಲಾಳ ಕಡೆ ತಿರುಗಿ, “ಒಂದು ತುಂಡು ಕೊಡ್ತೀರಾ ಅಕ್ಕಾ?” ಎಂದಳು.

“ತಗೊಳ್ಳಿ ತಗೊಳ್ಳಿ!” ಎಂದಳು ಟೆಕ್ಲಾ.

ಮಿಕೆಲಿನಾ ಓಡಿಹೋಗಿ ಬದನೆ ಉಪ್ಪಿನಕಾಯಿಯ ಜಾಡಿ ತಂದಳು. ಒಳಗಿದ್ದ ಬದನೆಯನ್ನು ಗಂಡನ ಕೈಗೆ ಸುರಿದು ಜಾಡಿ ಒಡ್ಡಿದಳು. ಟೆಕ್ಲಾ ಒಂದು ಮುಷ್ಟಿ ಹಾಕಿದಳು. ಅಷ್ಟೇ ನೋಡಿ! ಬಾಸೆಲ್‌ನವನು ಒಬ್ಬ ಕಾಫಿ ಲೋಟ ತಂದ. ಒಬ್ಬಳು ಮಗುವಿನ ಹಾಲಿನ ಡಬ್ಬ. ಒಬ್ಬ ಮುದುಕ ಏನೂ ಸಿಗದೆ ಟೋಪಿ ಒಡ್ಡಿದ. ಸಾಲಿನೊಳಗೊಂದು ಸಾಲು!

ನಾನು ಟೆಕ್ಲಾಳ ತೋಳು ಜಗ್ಗಿದೆ. “ಸಾಕು! ಇದು ನಮ್ಮಮ್ಮನದು! ಅಕ್ಕನಿಗೆ ತಂದಿದ್ದು!”

“ಹೋದ ತಿಂಗಳು ಏನು ಬರೆದಿದ್ದೆ? ‘ಹಸಿದವನ ಮುಂದೆ ಬಾಗಿಲು ಹಾಕಿಕೊಂಡು ಉಣ್ಣುವವನು ಕಳ್ಳ’ ಅಂತ ತಾನೇ?”

“ಅದು ಲೇಖನ!”

“ಹೌದೌದು. ಇದು ಹಿಟ್ಟು,” ಎಂದು ಮುದುಕನ ಟೋಪಿಗೆ ಎರಡು ಮುಷ್ಟಿ ಹಾಕಿದಳು.

ಮೂವತ್ತು ವರ್ಷ ಹಂಚಿ ತಿನ್ನಿ ಎಂದು ಊರಿಗೆಲ್ಲ ಬೋಧಿಸಿದವನು, ಅವತ್ತು ಆ ಹೆದ್ದಾರಿಯಲ್ಲಿ ಹಿಟ್ಟಿನ ಮೇಲೆ ಅಡ್ಡ ಬಿದ್ದು ಕಾವಲು ಕಾದೆ. ನಾಚಿಕೆಯಿಂದ ಬರೆಯುತ್ತಿದ್ದೇನೆ. ಬಾಸೆಲ್‌ನವನ ಲೋಟದಿಂದ ಅರ್ಧ ವಾಪಸ್ ಕಿತ್ತುಕೊಂಡದ್ದೂ ನಿಜ. ಅವನು ಬೈಯಲಿಲ್ಲ. ಉಳಿದರ್ಧದ ಮೇಲೆ ಕರವಸ್ತ್ರ ಮುಚ್ಚಿ, “ನಮ್ಮನೇಲಿ ನನ್ನ ಹೆಂಡ್ತಿ ಇದನ್ನ ನೋಡಿದ್ರೆ...” ಎಂದು ಮಾತು ಮುಗಿಸದೆ ನಡೆದ. ಆಮೇಲೆ ನಾನೇ ಓಡಿಹೋಗಿ ಕಿತ್ತದ್ದನ್ನು ಕೊಟ್ಟು ಬಂದೆ.

ಸಾಲು ಚಲಿಸುವ ಹೊತ್ತಿಗೆ ಉಳಿದದ್ದು ಒಂದು ನಿಂಬೆಹಣ್ಣಿನಷ್ಟು. ಸೀಟಿಗೆ ಅಂಟಿದ್ದು ಬೇರೆ. ಅದರಲ್ಲಿ ನಮ್ಮ ಕಾರಿನ ಹದಿನೆಂಟು ವರ್ಷದ ಇತಿಹಾಸವೂ ಸೇರಿತ್ತು. ನಿಂಬೆಹಣ್ಣನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಎಡಗೈಯಿಂದ ಅದನ್ನು ಹಿಡಿದು, ಬಲಗೈಯಿಂದ ಕಾರು ಓಡಿಸುತ್ತಾ ಸುರಂಗ ಹೊಕ್ಕೆ.

ಹದಿನೇಳು ಕಿಲೋಮೀಟರ್. ಎರಡೂ ಕಡೆ ದೀಪ, ಗೋಡೆ, ದೀಪ, ಗೋಡೆ. ಹಬೆಯಂಥ ಸೆಕೆ.

“ಇದೇ ತಾನೇ ಭಾವ ಕೊರೆದಿದ್ದು?” ಎಂದಳು ಟೆಕ್ಲಾ.

“ಇದೇ.”

“ಇದರ ಬಗ್ಗೆ ನೀನು ಎಷ್ಟು ಸಲ ಬರೆದಿಲ್ಲ! ಒಂದು ಸಲ ದಾಟಿದ್ರೆ ಆ ಕಡೆ ಅಕ್ಕ ಇದ್ಲು.”

ನಾನು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡಿದೆ. ಸುರಂಗದಲ್ಲಿ ಮಾತಾಡುತ್ತಾ ಗಾಡಿ ಓಡಿಸಬಾರದು.

ಸಂಜೆ ಎಂಟಕ್ಕೆ ಲುಸರ್ನ್. ಇನ್ನೂ ಬೆಳಕಿತ್ತು. ಕೆರೆಯ ಮೇಲೆ ಹಡಗೊಂದು ಯಾರನ್ನೋ ಕರೆಯುವಂತೆ ಕೂಗುತ್ತಿತ್ತು. ಮೂರನೇ ಮಹಡಿ. ಬಾಗಿಲು ತೆಗೆದವಳು ಪಿಯಾ. ಐವತ್ತನಾಲ್ಕು ವರ್ಷದ, ಕನ್ನಡಕದ, ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ಪಿಯಾ. ನನ್ನ ತಲೆಯ ಮೇಲಿನ ಒಣಹಿಟ್ಟು, ಒಂದು ಕಡೆ ಮಾತ್ರ ಉಬ್ಬಿದ ಎದೆ ನೋಡಿ ಮಹಡಿಯೆಲ್ಲ ಕೇಳುವಂತೆ ನಕ್ಕಳು.

“ಪಿಯಾ, ಮಗೂ,” ಎಂದೆ. “ಆ ಮಂಚದ ಕೆಳಗೆ ನಿನ್ನ ನೋಡಿದ ದಿನದಿಂದ, ನಿನಗೋಸ್ಕರ ನಾನು ಈ ದೇಶಾನ...”

“ಗೊತ್ತು ಮಾವ. ಅಮ್ಮ ಹೇಳಿದಾರೆ,” ಎಂದಳು ಮೆಲ್ಲಗೆ. “ಮಂಚ ನನಗೆ ಅಷ್ಟು ನೆನಪಿಲ್ಲ. ನನ್ನ ಮದುವೆಗೆ ನೀವು ಬರ್ಲಿಲ್ಲ, ಅದು ನೆನಪಿದೆ.”

ಹೊಡೆದಿದ್ದರೆ ಚೆನ್ನಾಗಿತ್ತು.

ಒಳಗಿನಿಂದ ಊರುಗೋಲಿನ ಸದ್ದು. ಅಕ್ಕ ಬಂದಳು. ಹಣೆಯಿಂದ ಕೆಳಗೂ ಅವಳಿದ್ದಳು! ಮೂಗು ಅಮ್ಮನದು. ಗಲ್ಲ ಅಮ್ಮನದು. ಇಷ್ಟು ಚಿಕ್ಕವಳಾಗಿದ್ದಾಳೆಂದು ಫೋನು ಯಾಕೆ ಹೇಳಲಿಲ್ಲ? ನನ್ನ ಎದೆಯವರೆಗೆ ಬಂದಳು, ತಬ್ಬಲು ಹೋದರೆ ಜೇಬು ಅಡ್ಡವಾಯಿತು.

“ಅಕ್ಕ, ಇಷ್ಟೇ ಉಳೀತು,” ಎಂದು ಕರವಸ್ತ್ರ ಬಿಚ್ಚಿದೆ. “ಕ್ಷಮಿಸೇ. ನಾನೇ ಹಾಳು ಮಾಡಿದೆ. ಆದ್ರೆ ಬದುಕಿದೆ.”

ಅಕ್ಕ ಮೂಸಿದಳು. ಕಣ್ಣು ಮುಚ್ಚಿದಳು. “ಪಿಯಾ, ಫ್ರಿಜ್ಜಲ್ಲಿಡು” ಎಂದಳು.

ಪಿಯಾ ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲಿನ ಹಂತದಲ್ಲಿ, ಹಾಲಿನ ಪಕ್ಕ, ಗಾಜಿನ ಭರಣಿಯಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಉಂಡೆ ಕೂತಿತ್ತು. ಕುಂಬಳಕಾಯಿಯಷ್ಟು! ತುಂಬು ಗರ್ಭಿಣಿಯಂತೆ ನೆಮ್ಮದಿಯಾಗಿ!

“ಅಕ್ಕ... ಇದು... ಬದುಕಿದೆಯಲ್ಲೇ!”

“ಹೂಂ. ಸಾಯೋಕೆ ಅದಕ್ಕೇನು ರೋಗ?”

“ಮತ್ತೆ ಫೋನಲ್ಲಿ...”

“ಕೇಳೋ ಇಲ್ಲಿ,” ಅಕ್ಕ ಊರುಗೋಲು ಕುಟ್ಟಿದಳು. “ಏಳು ವರ್ಷ ಬಾ ಬಾ ಅಂದೆ. ಸೊಂಟ ಮುರೀತು ಅಂದೆ. ಕಣ್ಣು ಮಂಜು ಅಂದೆ. ನೀನು ಆ ಕಾನೂನು, ಈ ಸರ್ಕಾರ ಅಂದೆ. ಹಿಟ್ಟು ಸತ್ತೋಯ್ತು ಅಂದೆ. ನಾಲ್ಕೇ ದಿನಕ್ಕೆ ಬಂದು ನಿಂತೆ!”

ನಾನು ಟೆಕ್ಲಾಳ ಕಡೆ ತಿರುಗಿದೆ. ಅವಳು ಚಾವಣಿ ನೋಡುತ್ತಿದ್ದಳು. “ನಿನಗೂ ಗೊತ್ತಿತ್ತಾ?”

“ಯಾರೂ ಹೇಳ್ಲಿಲ್ಲ. ಆದ್ರೆ ಹಿಟ್ಟು ಸತ್ತೋಯ್ತು ಅಂತ ಗೋಳೋ ಅಂತ ಅತ್ತು, ಕೊನೇಲಿ ನಿನ್ನ ಅಕ್ಕ ಏನಂದ್ರು? ‘ಫೋನ್ ಇಡ್ತೀನಿ ಕಣೋ, ಒಲೇಲಿ ಬ್ರೆಡ್ ಕರಕಲಾಗ್ತಿದೆ’ ಅಂದ್ರು. ನೀನು ಆಗ ಮೂಗು ಸೀಟ್ತಿದ್ದೆ.”

ಮೂವರು ಹೆಂಗಸರೂ ನಕ್ಕರು. ನಾನು ಕುರ್ಚಿ ಹುಡುಕಿ ಕೂತೆ. ಅಕ್ಕ ಎದುರಿಗೆ ಕೂತು ನನ್ನ ಕೂದಲಿನಿಂದ ಒಣಗಿದ ಹಿಟ್ಟನ್ನು ಒಂದೊಂದಾಗಿ ಬಿಡಿಸತೊಡಗಿದಳು.

“ಎಷ್ಟು ದಿನ ಇರ್ತೀಯ?”

“ಎರಡು ದಿನ ಅಂತ... ನೀನು ಹೇಳಿದಷ್ಟು ದಿನ ಅಕ್ಕ.”

“ಅದಿರ್ಲಿ. ಮುಂದಿನ ಆಗಸ್ಟಿಗೆ ನೀನು ಬರ್ಬೇಕಂದ್ರೆ ಏನು ಸಾಯಿಸ್ಲಿ, ಈಗಲೇ ಹೇಳ್ಬಿಡು. ಈ ಮನೇಲಿ ಇನ್ನು ಹೆಚ್ಚೇನೂ ಉಳಿದಿಲ್ಲ.”

ಬಾಲ್ಕನಿಯಲ್ಲಿ ಕೆರೆ ನೋಡುತ್ತಾ ಕೂತಿದ್ದ ದೊನಾತೊ ಭಾವ, ತಿರುಗಿಯೂ ನೋಡದೆ, ಮೆಲ್ಲಗೆ ಕೈ ಎತ್ತಿದರು.

“ನನ್ನ ಹೆಸರು ಬರ್ಕೊಳ್ಳಿ. ಆದ್ರೆ ಅವನು ಬಂದು ತಲುಪಿದ್ಮೇಲೆ ಎಬ್ಬಿಸ್ಬೇಕು. ಸತ್ತ ಹಾಗೆ ಮಲಗಿ ಅವನ ಭಾಷಣ ಕೇಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ.”